ಪೈಲ್ವಾನ ಗಾಂಜಾ ಸೇದಿದರೆ ತಪ್ಪು ಯಾವುದು?

ಬ್ರಿಟಿಷರ ಕಾಲದ ಒಂದು ಸರಕಾರಿ ವರದಿ ಇದೆ. ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಅಂತ ಹೆಸರು. ಭಂಗಿ, ಗಾಂಜಾ, ಚರಸ್ ಇವುಗಳಿಂದ ಹಿಂದುಸ್ತಾನದ ಜನ ಹಾಳಾಗ್ತಿದ್ದಾರೋ ಇಲ್ಲವೋ ಅಂತ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತ್ತು. 1893ರಲ್ಲಿ ಕಮಿಷನ್ ಕೂತು, ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನ ವಿಚಾರಿಸಿ, 1894ರಲ್ಲಿ ವರದಿ ಕೊಟ್ಟಿತು. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾದರೆ ಇದೆ, ಪೂರ್ತಿ ನಿಷೇಧ ಬೇಡ ಅನ್ನೋದು ಅದರ ಒಟ್ಟು ಸಾರ. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಅಂದರೆ ಆ ವರದಿ ನಮಗೂ ಸೇರಿದ್ದೇ.

ನನಗೆ ಆ ವರದಿಯಲ್ಲಿ ಹಿಡಿಸಿದ್ದು ಒಂದು ಸಣ್ಣ ಪಟ್ಟಿ. ಮೈಮುರಿಯುವ ಕೆಲಸ ಬಂದಾಗ ದಣಿವು ತಡೆಯೋದಕ್ಕೆ ಇದನ್ನ ಬಳಸುವವರು ಯಾರು ಅಂತ ಅದರಲ್ಲಿ ಹೇಳಿದ್ದಾರೆ. ಪಲ್ಲಕ್ಕಿ ಹೊರುವವರು, ಹಮಾಲರು, ಟಪಾಲು ಹೊತ್ತು ಓಡುವವರು, ನೀರಲ್ಲಿ ಮುಳುಗುವವರು. ಅವರ ಜತೆಗೆ ಪೈಲ್ವಾನರು. ಒಂದೇ ಸಾಲಿನಲ್ಲಿ. ವರದಿ ಬರೆದವರಿಗೆ ಪೈಲ್ವಾನ ಮತ್ತು ಹಮಾಲನ ನಡುವೆ ಏನೂ ಫರಕು ಕಂಡಿಲ್ಲ. ಇಬ್ಬರೂ ಮೈ ದುಡಿಸುವವರು, ಇಬ್ಬರಿಗೂ ಮೈ ನೋಯುತ್ತದೆ, ಇಬ್ಬರೂ ನೋವು ಮರೆಯೋಕೆ ಏನೋ ತಗೋತಾರೆ.

ಈಗ ನೋಡಿ. ಹಮಾಲ ಎರಡು ಗುಟುಕು ಹಾಕಿ ಚೀಲ ಹೊತ್ತರೆ ನಾವು ಅವನ ಆರೋಗ್ಯದ ಬಗ್ಗೆ ಮರುಗಬಹುದು, ಅವನ ಹೆಂಡತಿಯ ಬಗ್ಗೆ ಮರುಗಬಹುದು. ಆದರೆ "ಮೋಸ ಮಾಡಿ ಚೀಲ ಹೊತ್ತ" ಅಂತ ಯಾರೂ ಅನ್ನಲ್ಲ. ಬೈಲಹೊಂಗಲ ಕಡೆ ಕಬ್ಬು ಕಡಿಯೋ ಗ್ಯಾಂಗಿನವರು ಕುಡಿದು ಕಡಿದರೂ ಫ್ಯಾಕ್ಟರಿಯಲ್ಲಿ ತೂಕ ಆಗೋದು ಕಬ್ಬೇ. ಪೈಲ್ವಾನ ಅದನ್ನೇ ಮಾಡಿದರೆ ಮಾತ್ರ ಮೋಸ. ಯಾಕೆ?

ನನಗೆ ಹೊಳೆಯುವ ಉತ್ತರ ಇಷ್ಟು. ಕೆಲಸದಲ್ಲಿ ನಾವು ಕೊಳ್ಳೋದು ಮಾಲು. ಆಟದಲ್ಲಿ ನಾವು ನೋಡೋಕೆ ಬರೋದು ಮನುಷ್ಯನನ್ನ. ಚೀಲ ಲಾರಿ ಸೇರಿದರೆ ಆಯ್ತು, ಯಾರ ಬೆನ್ನ ಮೇಲೆ ಸೇರಿತು ಅನ್ನೋದು ಯಾರಿಗೂ ಬೇಡ. ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿದ್ದರಿಂದ ಯಾರಿಗೂ ಏನೂ ಉಪಯೋಗ ಇಲ್ಲ. ಅದನ್ನ ಯಾರು ಮಾಡಿದರು, ಹೇಗೆ ಮಾಡಿದರು ಅನ್ನೋದೇ ಪೂರ್ತಿ ಮಾಲು. ಹಾಗಾಗಿ "ಇದನ್ನ ಮಾಡಿದ್ದು ನೀನಾ, ಇಲ್ಲಾ ನಿನ್ನೊಳಗೆ ಹೋದ ವಸ್ತುನಾ?" ಅನ್ನೋ ಪ್ರಶ್ನೆ ಆಟಗಾರನಿಗೆ ಮಾತ್ರ ಕೇಳಬಹುದಾದ ಪ್ರಶ್ನೆ.

(ಕಂಪನಿಗಳು ಸಾಫ್ಟ್‌ವೇರ್ ಇಂಜಿನಿಯರನಿಗೂ ಕೇಳ್ತಾವೆ, ಅದು ಬೇರೆ ಕಥೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಅಮೆರಿಕದ ಬ್ಯಾಂಕೊಂದರ ಪ್ರಾಜೆಕ್ಟಿಗೆ ಸೇರುವ ಮುಂಚೆ ಮೂತ್ರ ಕೊಡಬೇಕಾಗಿತ್ತು. ಹತ್ತು ಬಗೆಯ ಮಾದಕ ವಸ್ತುವಿಗೆ ಪರೀಕ್ಷೆ. ಕೋಡ್ ರಿವ್ಯೂ ಮಾಡೋಕೆ ಒಬ್ಬರಿಗೂ ಟೈಮ್ ಇರಲಿಲ್ಲ, ಮೂತ್ರ ರಿವ್ಯೂ ಮಾಡೋಕೆ ಮಾತ್ರ ಪೂರ್ತಿ ಲ್ಯಾಬ್ ಇತ್ತು.)

ಪ್ರಪಂಚದ ಆಟಗಳಿಗೆ ಯಾವ ವಸ್ತು ನಿಷಿದ್ಧ ಅಂತ ಪಟ್ಟಿ ಮಾಡುವುದು ವಾಡಾ. 1999ರಲ್ಲಿ ಹುಟ್ಟಿದ ಸಂಸ್ಥೆ. ನಮ್ಮ ದೇಶದಲ್ಲಿ ಅದರ ನಿಯಮ ಜಾರಿ ಮಾಡೋದು ನಾಡಾ, 2022ರಲ್ಲಿ ಪಾರ್ಲಿಮೆಂಟು ಇದಕ್ಕೆ ಒಂದು ಕಾಯ್ದೆಯನ್ನೂ ಪಾಸು ಮಾಡಿತು. ವಾಡಾದ ಬಳಿ ಮೂರು ಅಳತೆಗೋಲಿವೆ. ವಸ್ತುವಿನಿಂದ ಆಟದ ಬಲ ಹೆಚ್ಚಬಹುದಾ? ಆಟಗಾರನ ಆರೋಗ್ಯಕ್ಕೆ ಅಪಾಯವಾ? ಕ್ರೀಡೆಯ ಚೈತನ್ಯಕ್ಕೆ ಧಕ್ಕೆಯಾ? ಮೂರರಲ್ಲಿ ಎರಡಕ್ಕೆ ಹೌದು ಬಂದರೆ ಪಟ್ಟಿಗೆ ಸೇರಿಸಬಹುದು.

ಗಾಂಜಾದ ವಿಷಯದಲ್ಲಿ ಮೊದಲನೇ ಅಳತೆ ಅಲುಗಾಡುತ್ತದೆ. ಸೇದಿ ಓಡಿದವನು ಜೋರಾಗಿ ಓಡ್ತಾನೆ ಅಂತ ಯಾರೂ ಗಟ್ಟಿಯಾಗಿ ಹೇಳಲ್ಲ. ಕೈಕಾಲು, ಕಣ್ಣು ನಿಧಾನ ಆಗ್ತಾವೆ. ಸೇದಿದವನ ಜೊತೆ ಕ್ಯಾರಂ ಆಡಿದವರಿಗೆ ಇದು ಗೊತ್ತಿರುತ್ತೆ. ಎರಡನೆಯದು ಆರೋಗ್ಯ. ಅಪಾಯ ಇಲ್ಲ ಅಂತ ನಾನು ಹೇಳಲ್ಲ. ಹದಿನೇಳು ಹದಿನೆಂಟರಲ್ಲಿ ಶುರು ಮಾಡಿ ಓದು, ನಿದ್ದೆ, ತಲೆ ಎಲ್ಲ ಕೆಡಿಸಿಕೊಂಡವರನ್ನ ಹಾಸ್ಟೆಲ್ಲಿನಲ್ಲಿ ನೋಡಿದ್ದೇನೆ. ಆದರೆ ಆರೋಗ್ಯದ ಮಾತು ಆಡೋ ಬಾಯಿ ಬೇರೆ ಕಡೆ ಸುಮ್ಮನಿರಬಾರದು. ತೂಕ ಇಳಿಸೋಕೆ ಎರಡು ದಿನ ನೀರು ಬಿಟ್ಟು, ಬಿಸಿಲಲ್ಲಿ ಜಾಕೆಟ್ ಹಾಕಿ ಓಡೋ ಪೈಲ್ವಾನನಿಗೆ ಆಟದಲ್ಲಿ ನಿಷೇಧ ಇಲ್ಲ, ಚಪ್ಪಾಳೆ ಇದೆ. ತಲೆಗೆ ಗುದ್ದಿಸಿಕೊಳ್ಳೋದು ಬಾಕ್ಸಿಂಗಿನಲ್ಲಿ ಆಟದ ಭಾಗವೇ. ಮದ್ಯವಂತೂ 2018ರಿಂದ ವಾಡಾದ ಪಟ್ಟಿಯಲ್ಲೇ ಇಲ್ಲ. ಮೊದಲು ಬಿಲ್ಲುಗಾರಿಕೆಯಂಥ ಕೆಲವೇ ಆಟಗಳಿಗೆ ಇತ್ತು, ಅದನ್ನೂ ತೆಗೆದರು.

ಹೀಗಾಗಿ ಕೊನೆಗೆ ಭಾರ ಬೀಳೋದು ಮೂರನೆಯದರ ಮೇಲೆ, ಕ್ರೀಡೆಯ ಚೈತನ್ಯ. 2022ರ ಸೆಪ್ಟೆಂಬರಿನಲ್ಲಿ ವಾಡಾ ಮತ್ತೊಮ್ಮೆ ವಿಚಾರ ಮಾಡಿ ಗಾಂಜಾ ಪಟ್ಟಿಯಲ್ಲೇ ಇರಲಿ ಅಂದಾಗಲೂ ಚೈತನ್ಯದ ಮಾತು ಮುಂದೆ ಬಂತು. ಬಹಳ ಜನ ಇದನ್ನ ಗೇಲಿ ಮಾಡ್ತಾರೆ. ಚೈತನ್ಯ ಅಂದರೆ ಏನು, ಯಾರ ಚೈತನ್ಯ, ಮಾಂಟ್ರಿಯಲ್ಲಿನ ಆಫೀಸಿನಲ್ಲಿ ಕೂತವರಿಗೆ ಗರಡಿ ಮನೆ ಗೊತ್ತಾ ಅಂತ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ವಾಡಾ ಸಂಹಿತೆ ಈ ಚೈತನ್ಯವನ್ನ ಬಿಡಿಸಿ ಹೇಳುವಾಗ ಕೊಡುವ ಗುಣಗಳ ಪಟ್ಟಿಯಲ್ಲಿ ಧೈರ್ಯ ಅನ್ನೋದೂ ಒಂದು. ಅಲ್ಲಿ ನಾನು ನಿಂತೆ.

ಯಾಕೆ ಅಂದರೆ ಕುಸ್ತಿ ನೋಡಿದವರಿಗೆ ಧೈರ್ಯದ ಮಾತು ಬರಿ ಮಾತಲ್ಲ. ನಮ್ಮ ಕಡೆ ಜಂಗಿ ನಿಕಾಲಿ ಕುಸ್ತಿ ಅಂತಾರೆ. ನಿಕಾಲಿ ಅಂದರೆ ತೀರ್ಮಾನ ಆಗಬೇಕು, ಪಾಯಿಂಟಿನ ಲೆಕ್ಕ ಇಲ್ಲ, ಬೆನ್ನು ಮಣ್ಣಿಗೆ ಹತ್ತಬೇಕು. ಕಿತ್ತೂರು ಉತ್ಸವದಲ್ಲಿ ಪ್ರತಿ ಅಕ್ಟೋಬರಿಗೆ ಕುಸ್ತಿ ಇರ್ತದೆ. ಸವದತ್ತಿ, ರಾಮದುರ್ಗ ಕಡೆಯ ಹಳ್ಳಿ ಜಾತ್ರೆಗಳಲ್ಲೂ ಇರ್ತದೆ. ಹಲಗಿ ಬಡಿತಾ ಇರ್ತದೆ, ಸುತ್ತ ಸಾವಿರಾರು ಜನ, ಅರಿಶಿಣ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಕೆಮ್ಮಣ್ಣು. ಲಂಗೋಟಿ ಕಟ್ಟಿದ ಹುಡುಗ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಇಳೀತಾನೆ. ಆಗ ಅವನ ಮುಖ ನೋಡಬೇಕು. ಹತ್ತು ಸೆಕೆಂಡು ಮುಂಚೆ ತೊಡೆ ತಟ್ಟಿ ನಗ್ತಿದ್ದವನ ಕಣ್ಣಲ್ಲಿ, ಜೋಡಿ ಎದುರು ಬಂದ ಕೂಡಲೇ, ಒಂದು ಕ್ಷಣ ಹೆದರಿಕೆ ಹಾದು ಹೋಗ್ತದೆ. ಊರ ಮುಂದೆ ಬೀಳೋ ಹೆದರಿಕೆ. ಆ ಹೆದರಿಕೆಯನ್ನ ನುಂಗಿ ಕೈ ಮುಂದೆ ಚಾಚೋದು ಅದೆಯಲ್ಲ, ನನ್ನ ಪ್ರಕಾರ ಕುಸ್ತಿ ಶುರು ಆಗೋದೇ ಅಲ್ಲಿ.

ಅದನ್ನ ಹೊಗೆಯಿಂದ ಅಳಿಸಿ ಹಾಕಿ ಕಣಕ್ಕೆ ಇಳಿದವನು ಬೆನ್ನು ಹತ್ತಿಸಬಹುದು, ಬೆಳ್ಳಿ ಕಡಗ ಹಾಕಿಸಿಕೊಳ್ಳಬಹುದು. ಆದರೆ ಎದುರಿನವನು ಹೆದರಿಕೆ ಹೊತ್ತುಕೊಂಡು ಬಂದಿದ್ದ, ಇವನು ಅದನ್ನ ಹೊರಗೆ ಬಿಟ್ಟು ಬಂದಿದ್ದ. ತೂಕ ಬೇರೆ ಬೇರೆ ಆಯ್ತಲ್ಲ. ಗಾಂಜಾದ ನಿಷೇಧಕ್ಕೆ ನನಗೆ ಒಪ್ಪಿಗೆಯಾಗುವ ಕಾರಣ ಇದೊಂದೇ. ಬಲ ಹೆಚ್ಚುತ್ತೆ ಅಂತಲ್ಲ, ಹೊರಬೇಕಾದ ಭಾರ ಕಮ್ಮಿ ಆಗುತ್ತೆ ಅಂತ. 2011ರಲ್ಲಿ ವಾಡಾದ ವಿಜ್ಞಾನಿಗಳು ಸೇರಿ ಬರೆದ ಒಂದು ಪ್ರಬಂಧದಲ್ಲೂ ಆತಂಕ ಇಳಿಯುತ್ತೆ, ಹೆದರಿಕೆ ಮರೆಯುತ್ತೆ ಅನ್ನೋ ವಾದ ಇದೆ.

ಈಗ ಅದೇ ತಕ್ಕಡಿಯಲ್ಲಿ ಶಕ್ಯಾರಿ ರಿಚರ್ಡ್‌ಸನ್‌ಳನ್ನ ಇಡೋಣ. 2021ರ ಜೂನ್. ಅಮೆರಿಕದ ಒಲಿಂಪಿಕ್ ಆಯ್ಕೆಯ ಓಟ ಒರೆಗಾನ್‌ನಲ್ಲಿ. ನೂರು ಮೀಟರಿನ ಫೈನಲ್ಲನ್ನ 10.86 ಸೆಕೆಂಡಿಗೆ ಗೆದ್ದಳು, ವಯಸ್ಸು 21. ಆಮೇಲೆ ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು. ಹೆತ್ತ ತಾಯಿ ಸತ್ತ ಸುದ್ದಿಯನ್ನ ಆ ದಿನಗಳಲ್ಲೇ ಒಬ್ಬ ಪತ್ರಕರ್ತನ ಬಾಯಿಂದ ಕೇಳಿದ್ದೆ, ತಡೆಯೋಕೆ ಆಗಲಿಲ್ಲ, ಸೇದಿದೆ ಅಂದಳು. ಶಿಕ್ಷೆ ಒಂದೇ ತಿಂಗಳು. ಆದರೆ ಗೆದ್ದ ಓಟವೇ ರದ್ದಾಯ್ತು, ಟೋಕಿಯೋ ಕೈ ತಪ್ಪಿತು. 2023ರಲ್ಲಿ ಬುಡಾಪೆಸ್ಟಿನಲ್ಲಿ 10.65ಕ್ಕೆ ಓಡಿ ವಿಶ್ವ ಚಾಂಪಿಯನ್ ಆದಳು, ಅದು ಬೇರೆ.

ಓಟದ ಹೆದರಿಕೆ ಓಟಕ್ಕೆ ಸೇರಿದ್ದು. ತಾಯಿ ಸತ್ತ ದುಃಖ ಓಟಕ್ಕೆ ಸೇರಿದ್ದಲ್ಲ. ಪಕ್ಕದ ಲೇನಿನವಳು ಹೊರದೇ ಇದ್ದ ಒಂದು ಭಾರ ಇವಳ ಮೇಲೆ ಬಿತ್ತು, ಅದನ್ನ ಒಂದು ರಾತ್ರಿಯ ಮಟ್ಟಿಗೆ ಕೆಳಗಿಟ್ಟಳು. ಇದರಲ್ಲಿ ಯಾರಿಗೆ ಮೋಸ ಆಯ್ತು ಅಂತ ಎಷ್ಟು ಹುಡುಕಿದರೂ ನನಗೆ ಸಿಗಲ್ಲ.

ತಮಾಷೆ ಅಂದರೆ ವಾಡಾದ ನಿಯಮಕ್ಕೂ ಈ ಫರಕು ಗೊತ್ತು! ಗಾಂಜಾ ನಿಷಿದ್ಧ ಇರೋದು ಸ್ಪರ್ಧೆಯ ಹೊತ್ತಿನಲ್ಲಿ ಮಾತ್ರ. ಸ್ಪರ್ಧೆಯ ಹೊತ್ತು ಅಂದರೆ ಹಿಂದಿನ ರಾತ್ರಿ 11:59ರಿಂದ ಸ್ಪರ್ಧೆ, ಮಾದರಿ ಕೊಡೋದು ಎಲ್ಲ ಮುಗಿಯೋವರೆಗೆ. 11:58ಕ್ಕೆ ನೀನು ಏನು ಸೇದಿದರೂ ಅದು ನಿನ್ನ ಮತ್ತು ನಿನ್ನ ದೇಶದ ಪೊಲೀಸರ ವಿಚಾರ. ನಮ್ಮ ಹಳ್ಳಿಯ ನ್ಯಾಯವೂ ಹೀಗೇ ಇದೆ ಅನ್ನಿಸುತ್ತೆ. ದೊಡ್ಡ ಜಾತ್ರೆಗಳಲ್ಲಿ ಒಂದು ಮರದ ಕೆಳಗೆ ಬೈರಾಗಿ ಚಿಲುಮೆ ಹಚ್ಚಿರ್ತಾನೆ, ಜನ ಕಾಲಿಗೆ ಬೀಳ್ತಾರೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದ ಕೊಡ್ತಾರೆ ಅನ್ನೋದು 2020ರಲ್ಲಿ ದೊಡ್ಡ ಸುದ್ದಿಯೇ ಆಗಿತ್ತು. ಅದೇ ಚಿಲುಮೆಯನ್ನ ಗರಡಿಯ ಹುಡುಗ ಬಾಯಿಗಿಟ್ಟರೆ ಅದೇ ಜನ ಕಾಲು ಮುರೀತಾರೆ. ವಸ್ತು ಒಂದೇ, ಹೊತ್ತು ಬೇರೆ, ಜಾಗ ಬೇರೆ, ಸೇದುವವನು ಹೊತ್ತ ಮಾತು ಬೇರೆ. ಬೆಂಗಳೂರಿನ ನನ್ನ ಗೆಳೆಯರು ಕೆಲವರು ವೀಕೆಂಡಿನಲ್ಲಿ ಸೇದುವಾಗ "ಶಿವನೇ ಸೇದ್ತಿದ್ದ ಮಗಾ" ಅಂತಾರೆ. ಶಿವ ಸೋಮವಾರ ಸ್ಟ್ಯಾಂಡಪ್ ಮೀಟಿಂಗ್ ಅಟೆಂಡ್ ಮಾಡ್ತಿರಲಿಲ್ಲ ಅಂತ ಮಾತ್ರ ಹೇಳಬಲ್ಲೆ.

ನಿಯಮ ಸರಿಯಾಗೇ ಇದೆ. ಸಮಸ್ಯೆ ಇರೋದು ಸಾಕ್ಷಿಯಲ್ಲಿ. ಗಾಂಜಾದ ಟಿಎಚ್‌ಸಿ ಕೊಬ್ಬಿನಲ್ಲಿ ಕರಗೋ ವಸ್ತು. ಮೈಯ ಕೊಬ್ಬಿನಲ್ಲಿ ಕೂತು ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತೆ. ಅಪರೂಪಕ್ಕೆ ಸೇದುವವನಲ್ಲಿ ಕೆಲವು ದಿನ, ದಿನಾ ಸೇದುವವನಲ್ಲಿ ವಾರಗಟ್ಟಲೆ ಮೂತ್ರದಲ್ಲಿ ಅದರ ಕುರುಹು ಸಿಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲಾಗ್ ಫೈಲ್ ಇದೆ, ಎಂಟ್ರಿ ಇದೆ, ಟೈಮ್‌ಸ್ಟ್ಯಾಂಪ್ ಇಲ್ಲ. 11:59ಕ್ಕೆ ಮುಂಚೆನಾ ಆಮೇಲಾ ಅಂತ ಮೂತ್ರ ಹೇಳಲ್ಲ. ಇದು ಅವರಿಗೂ ಗೊತ್ತಿರೋದಕ್ಕೇ 2013ರಲ್ಲಿ ಮಿತಿಯನ್ನ ಒಂದು ಮಿಲಿಲೀಟರಿಗೆ 15 ನ್ಯಾನೋಗ್ರಾಂ ಇದ್ದದ್ದನ್ನ 150ಕ್ಕೆ ಏರಿಸಿದರು, ಹತ್ತು ಪಟ್ಟು. 1998ರ ನಗಾನೋ ಚಳಿಗಾಲದ ಒಲಿಂಪಿಕ್ಸಿನಲ್ಲಿ ಕೆನಡಾದ ರಾಸ್ ರೆಬಗ್ಲಿಯಾಟಿಗೆ ಸ್ನೋಬೋರ್ಡಿಂಗ್ ಚಿನ್ನ ಬಂದು, ಹೋಗಿ, ಮತ್ತೆ ಬಂದದ್ದು 17.8 ನ್ಯಾನೋಗ್ರಾಮಿನ ಗದ್ದಲದಲ್ಲಿ. ಪದಕ ವಾಪಸ್ ಸಿಕ್ಕಿದ್ದು ಆಗ ಒಲಿಂಪಿಕ್ ಪಟ್ಟಿಯಲ್ಲಿ ಗಾಂಜಾ ಇರಲಿಲ್ಲ ಅನ್ನೋ ಕಾರಣಕ್ಕೆ. ಇವತ್ತಿನ ಮಿತಿಯಲ್ಲಾದರೆ ಆ ಅಂಕಿ ಸುದ್ದಿಯೂ ಆಗ್ತಿರಲಿಲ್ಲ. 2021ರ ಸಂಹಿತೆಯಲ್ಲಿ ಇನ್ನೂ ಸಡಿಲ ಮಾಡಿದರು. ಸ್ಪರ್ಧೆಯ ಹೊರಗೆ, ಆಟಕ್ಕೆ ಸಂಬಂಧ ಇಲ್ಲದೆ ಸೇದಿದ್ದು ಅಂತ ತೋರಿಸಿದರೆ ಮೂರು ತಿಂಗಳು, ಚಿಕಿತ್ಸೆ ತಗೊಂಡರೆ ಒಂದು ತಿಂಗಳು.

ಇಷ್ಟೆಲ್ಲ ನಾನು ಓದಿಕೊಂಡದ್ದು ಜ್ಞಾನದ ಹಸಿವಿನಿಂದ ಅಲ್ಲ. ನಮ್ಮ ಚಿಕ್ಕಪ್ಪನ ಮಗ ಪೈಲ್ವಾನ. ಪೋಲೀಸೋ ರೈಲ್ವೆಯೋ, ಯಾವುದಾದರೂ ಸ್ಪೋರ್ಟ್ಸ್ ಕೋಟಾದ ನೌಕರಿ ಅವನ ಆಸೆ, ಮನೆಯವರದ್ದು ಅದಕ್ಕಿಂತ ಜಾಸ್ತಿ. ಎರಡು ವರ್ಷದ ಹಿಂದೆ ಮೊಣಕಾಲು ತಿರುಚಿತು. ಒಂದು ರಾತ್ರಿ ಫೋನ್ ಮಾಡಿ, ಸುತ್ತಿ ಬಳಸಿ, ಕೊನೆಗೆ ಕೇಳಿದ: "ಅಣ್ಣಾ, ನೀ ಕಂಪ್ಯೂಟರ್ ಕಲ್ತಾಂವ ಅದಿ, ನೋಡಿ ಹೇಳು. ಗಾಂಜಾ ಸೇದಿದ್ದು ಎಷ್ಟು ದಿನಕ್ಕ ಮೈಯಿಂದ ಹೋಗ್ತೈತಿ?"

ಕಂಪ್ಯೂಟರ್ ಕಲಿತವನಿಗೆ ಎಲ್ಲ ಗೊತ್ತಿರ್ತದೆ ಅನ್ನೋದು ನಮ್ಮ ಊರಿನ ನಂಬಿಕೆ, ಟಿವಿ ರಿಪೇರಿಯಿಂದ ಶುರುವಾಗಿ ಇಲ್ಲಿಗೆ ಬಂದಿದೆ. ಕೇಳಿದ್ದು ಟೆಕ್ನಿಕಲ್ ಪ್ರಶ್ನೆ. ಉತ್ತರವೂ ಟೆಕ್ನಿಕಲ್ ಆಗಿ ಕೊಡಬಹುದಿತ್ತು. ಖಾತ್ರಿ ದಿನ ಅಂತ ಇಲ್ಲ, ಎಷ್ಟು ಸೇದ್ತಿ, ಮೈಯಲ್ಲಿ ಎಷ್ಟು ಕೊಬ್ಬೈತಿ ಅದರ ಮೇಲೆ ಅಂತ ಹೇಳಿದೆ. ಆಮೇಲೆ ಯಾವಾಗ ಸೇದ್ತಿ ಅಂತ ಕೇಳಿದೆ. "ರಾತ್ರಿ. ಮೊಣಕಾಲು ಮಲಗಾಕ ಬಿಡೂದಿಲ್ಲ. ಕುಸ್ತಿ ದಿನ ಎಂದೂ ಮುಟ್ಟಿಲ್ಲ, ಮಾರುತಿ ಆಣಿ."

ನಾನು ಮೇಲೆ ಬರೆದ ತಕ್ಕಡಿಯನ್ನ ಅವನಿಗೆ ಹಿಡಿದರೆ ಅವನು ಎದುರಾಳಿಗೆ ಮೋಸ ಮಾಡಿಲ್ಲ. ಕಣದ ಹೆದರಿಕೆಯನ್ನ ಅವನು ಪೂರ್ತಿ ಹೊತ್ತೇ ಇಳೀತಾನೆ. ನಾಡಾದವರ ಕೈಗೆ ಸಿಕ್ಕರೂ ಒಂದರಿಂದ ಮೂರು ತಿಂಗಳು. ಆದರೆ ಪೊಲೀಸರ ಕೈಗೆ ಸಿಕ್ಕರೆ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ, ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ. ದಂಡ ಕಟ್ಟಿದರೂ ನೌಕರಿಯ ವೆರಿಫಿಕೇಶನ್ನಿನಲ್ಲಿ ಆ ಕೇಸು ಎದ್ದು ಕೂರುತ್ತೆ. ಅದೇ ಗಿಡದ ಬರಿ ಎಲೆ ಅರೆದು ಭಂಗಿ ಕುಡಿದರೆ ಆ ಕಾಯ್ದೆ ಅನ್ವಯ ಆಗಲ್ಲ. 1985ರ ಕಾಯ್ದೆ ಗಾಂಜಾ ಅನ್ನೋದು ಹೂವಿನ ತುದಿಗೆ, ತುದಿಯ ಜೊತೆ ಇಲ್ಲದ ಎಲೆ ಮತ್ತು ಬೀಜ ಅದರ ಹೊರಗೆ. ಬೆಂಗಳೂರಿನಲ್ಲಿ 29 ಕಿಲೋ ಭಂಗಿ ಸಿಕ್ಕ ಕೇಸಿನಲ್ಲಿ 2022ರಲ್ಲಿ ನಮ್ಮ ಹೈಕೋರ್ಟು ಜಾಮೀನು ಕೊಡುವಾಗ ಇದನ್ನೇ ಹೇಳಿತು. ವಾಡಾಗೆ ಮಾತ್ರ ಎಲೆಯೂ ಒಂದೇ ಹೂವೂ ಒಂದೇ, ಟಿಎಚ್‌ಸಿ ಅಂದರೆ ಟಿಎಚ್‌ಸಿ. ಪೇಟೆಯ ಹೋಳಿಯಲ್ಲಿ ಥಂಡಾಯಿ ಕುಡಿದ ಹುಡುಗ ಕಾಯ್ದೆಯಲ್ಲಿ ಪಾರಾಗಿ ಆಟದಲ್ಲಿ ಸಿಕ್ಕಿಬೀಳಬಹುದು, ನಮ್ಮ ಹುಡುಗ ಆಟದಲ್ಲಿ ಪಾರಾಗಿ ಕಾಯ್ದೆಯಲ್ಲಿ.

ಹಾಗಾದರೆ ಅವನದು ಏನೂ ತಪ್ಪಿಲ್ಲವಾ? ಇದೆ. ಅದು ಯಾವ ಬಾಟಲಿಯಲ್ಲೂ ಸಿಗೋ ತಪ್ಪಲ್ಲ. ಗರಡಿಗೆ ಸೇರುವಾಗ ಮಾರುತಿಯ ಫೋಟೋ ಮುಂದೆ ವಸ್ತಾದರು ಹೇಳಿದ್ದಕ್ಕೆ ಹೂಂ ಅಂದಿದ್ದಾನೆ. ಬೀಡಿ ಇಲ್ಲ, ದಾರು ಇಲ್ಲ, ಗಾಂಜಾ ಇಲ್ಲ, ಮದುವೆ ಆಗೋವರೆಗೆ ಹೆಣ್ಣಿನ ಸುದ್ದಿ ಇಲ್ಲ. ಈ ಪಟ್ಟಿಯಲ್ಲಿ ಕೆಲವನ್ನ ನಾನು ಒಪ್ಪಲ್ಲ, ಹೆಣ್ಣಿನ ಸುದ್ದಿಯಂತೂ ಈಗ ಹುಡುಗಿಯರೂ ಕುಸ್ತಿ ಆಡೋ ಕಾಲದಲ್ಲಿ ಹಳಸಿದ ಮಾತು. ಆದರೆ ನಾನು ಒಪ್ಪೋದು ಬಿಡೋದು ಇಲ್ಲಿ ಲೆಕ್ಕಕ್ಕಿಲ್ಲ, ಹೂಂ ಅಂದವನು ಅವನು. ವಾಡಾದ ನಿಯಮಕ್ಕೆ ಅವನು ಹೂಂ ಅಂದಿಲ್ಲ, ಫಾರ್ಮಿಗೆ ಸಹಿ ಮಾಡಿದ್ದಾನೆ. ನಾವು ಆ್ಯಪ್ ಹಾಕಿಕೊಳ್ಳುವಾಗ ಐ ಅಗ್ರೀ ಒತ್ತೋ ಹಾಗೆ. ನಿಯಮ ಮುರಿದವನಿಗೆ ಸಿಕ್ಕಿಬೀಳೋ ಚಿಂತೆ ಇರುತ್ತೆ. ಮಾತು ಮುರಿದವನಿಗೆ ಬೆಳಗ್ಗೆ ಐದಕ್ಕೆ ಎದ್ದು ಆ ಮನುಷ್ಯನ ಮುಖ ನೋಡೋ ಚಿಂತೆ. ಫೋನಿನಲ್ಲಿ ಅವನ ದನಿ ಕೇಳಿದರೆ ಎರಡನೇ ಚಿಂತೆಯೇ ಜಾಸ್ತಿ ಇತ್ತು.

"ವಸ್ತಾದರಿಗೆ ನೀನೇ ಹೇಳು" ಅಂದೆ. "ಹೇಳಿದರ ಗರಡಿ ಬಿಡಸ್ತಾರ" ಅಂದ. ನಾನೇ ಹೇಳಲಾ ಅನ್ನೋ ಯೋಚನೆ ಬಂತು. ಬಿಟ್ಟೆ. ಅವನ ಮಾತನ್ನ ನಾನು ಹೋಗಿ ಒಪ್ಪಿಸಿದರೆ ಅದು ನಿಜ ಹೇಳಿದ ಹಾಗಾಗಲ್ಲ, ಚಾಡಿ ಆಗುತ್ತೆ. ಮೊಣಕಾಲು ಡಾಕ್ಟರಿಗೆ ತೋರಿಸಿದ್ಯಾ ಅಂತ ಕೇಳಿದೆ. ಎರಡು ವರ್ಷದಲ್ಲಿ ಎಂಆರ್‌ಐ ಇಲ್ಲ, ಫಿಜಿಯೋ ಇಲ್ಲ, ಎಣ್ಣೆ ತಿಕ್ಕಿದ್ದು ಮತ್ತು ಔಷಧಿ ಅಂಗಡಿಯ ಗುಳಿಗೆ, ಅಷ್ಟೇ. ತಿಂಗಳಿಗೆ ಬಾದಾಮಿ, ತುಪ್ಪ, ಹಾಲು, ಮೊಟ್ಟೆ ಅಂತ ಖುರಾಕಿಗೆ ಮನೆಯವರು ಸಾಲ ಮಾಡಿಯಾದರೂ ಸುರೀತಾರೆ, ನೋಯೋ ಜಾಗಕ್ಕೆ ಒಂದು ರೂಪಾಯಿ ಇಲ್ಲ. ಖುರಾಕು ಊರಿಗೆ ಕಾಣುತ್ತೆ, ಮೊಣಕಾಲು ಕಾಣಲ್ಲ. ಮೂತ್ರ ಪರೀಕ್ಷೆ ಮಾಡೋಕೆ ದಿಲ್ಲಿಯಲ್ಲಿ ಲ್ಯಾಬ್ ಇದೆ, ತಾಲೂಕಿಗೊಬ್ಬ ಫಿಜಿಯೋ ಯಾಕಿಲ್ಲ ಅಂತ ಯಾರೂ ಕೇಳಲ್ಲ. 1894ರ ವರದಿಯ ಆ ಸಾಲು ನೆನಪಾಯ್ತು, ಹಮಾಲ ಮತ್ತು ಪೈಲ್ವಾನ ಒಂದೇ ಪಟ್ಟಿಯಲ್ಲಿ. ಬರೆದವರು ತಪ್ಪು ಬರೆದಿರಲಿಲ್ಲವೇನೋ.

ದುಡ್ಡು ಕಳಿಸಿದೆ, ಬೆಳಗಾವಿಗೆ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದ. ಸಣ್ಣ ಹರಿತ ಇದೆ, ಆರು ತಿಂಗಳು ಸಂಭಾಳಿಸಬೇಕು ಅಂದಿದ್ದಾರೆ. ಗಾಂಜಾ ಬಿಟ್ಟಾನಾ ಅಂತ ನಾನು ಕೇಳಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ವಸ್ತಾದರಿಗೆ ಹೇಳಿದ್ಯಾ ಅಂತ ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ನಾ ಹೇಳಿಲ್ಲ. ಆದ್ರ ಅವರಿಗೆ ಗೊತ್ತಾಗೇತಿ ಅನಸ್ತೈತಿ. ಈಗ ಒಂದು ತಿಂಗಳಿಂದ ತಾಲೀಮಿನ್ಯಾಗ ನನಗ ಜೋಡಿ ಹಚ್ಚೂ ಮುಂದ ಮೊದಲ ನನ್ನ ಮೊಣಕಾಲು ನೋಡ್ತಾರ. ಆಮ್ಯಾಲೆ ನನಗಿಂತ ಸಣ್ಣವರ ಕೂಡ ಬಿಡ್ತಾರ. ಏನೂ ಅನ್ನೂದಿಲ್ಲ."